ತೀರ್ಥರಾಮ ಮಾಸ್ತರರ ಡ್ರಿಲ್ ಅಂಗಿ

ಈ ಕಥೆಯನ್ನು ಅಂಗಿಯಿಂದ ಶುರುಮಾಡಬೇಕೋ ಮೂಗಿನಿಂದಲೋ ಎಂದು ಮೂರು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ. ಅಂಗಿಯಿಂದ ಶುರುಮಾಡಿದರೆ ನೀವು ಮೋಸಹೋಗುತ್ತೀರಿ, ಅದು ಅಷ್ಟು ಬೆಳ್ಳಗೆ ಗರಿಗರಿಯಾಗಿದೆ. ಮೂಗಿನಿಂದ ಶುರುಮಾಡಿದರೆ ಎರಡನೇ ಸಾಲಿಗೇ ಪುಸ್ತಕ ಮುಚ್ಚುತ್ತೀರಿ. ಆದ್ದರಿಂದ ಎರಡನ್ನೂ ಒಟ್ಟಿಗೇ ಹೇಳಿಬಿಡುತ್ತೇನೆ: ೧೯೬೧ರಲ್ಲಿ ಕಡಬದ ಶಾಲೆಯೊಂದಕ್ಕೆ ಡ್ರಿಲ್ ಮಾಸ್ತರರಾಗಿ ಬಂದ, ಸುಳ್ಯದ ಕಡೆಯ ತೀರ್ಥರಾಮ ಎಂಬವರ ಬಿಳಿ ಅಂಗಿ ನೋಡಲು ಚೆಂದವಿತ್ತು, ಮತ್ತು ನಾರುತ್ತಿತ್ತು.

೧

"ಬೆವರೆಂಬುದು ದುಡಿಮೆಯ ಪರಿಮಳ..." (ಹೊಡೆದುಹಾಕಿದೆ. ಇಂಥ ವಾಕ್ಯ ಬರೆಯುವವರು ತೀರ್ಥರಾಮರ ಪಕ್ಕದಲ್ಲಿ ಐದು ನಿಮಿಷ ನಿಂತವರಲ್ಲ.)

೧, ಮತ್ತೊಮ್ಮೆ

ಅವರಿಗೆ ಎರಡು ಜೊತೆ ಡ್ರಿಲ್ ಬಟ್ಟೆ. ಒಂದು ಮೈಮೇಲೆ, ಒಂದು ತಂತಿಯ ಮೇಲೆ. ಬೆಳಿಗ್ಗೆ ಮನೆಯಿಂದ ಹೊರಡುವಾಗ ವಾಸನೆ ಇರುವುದಿಲ್ಲ. ಮಕ್ಕಳನ್ನು ಸಾಲು ನಿಲ್ಲಿಸಿ, ತಾನೂ ಹಾರಿ ಕುಣಿದು, ಬೆನ್ನು ಒದ್ದೆಯಾಯಿತೋ ಶುರು. ಮುಂದಿನ ಸಾಲಿನ ಮಕ್ಕಳು ಎಡಕ್ಕೆ ತಿರುಗಿ ಎಂದರೂ ಬಲಕ್ಕೆ ತಿರುಗಿ ಎಂದರೂ ಹಿಂದಕ್ಕೇ ತಿರುಗುತ್ತಿದ್ದರು.

ಅವರ ಕೆಲಸ ಟೆಂಪರರಿ. ತಿಂಗಳ ಕೊನೆಗೆ ಇನ್ಸ್‌ಪೆಕ್ಟರು ಬಂದು, ಡ್ರಿಲ್ ನೋಡಿ, ಒಳ್ಳೆಯದು ಬರೆದರೆ ಖಾಯಂ. ಹೆಡ್ಮಾಸ್ತರ್ ಚೆನ್ನಕೇಶವರು ಅವರನ್ನು ಕೋಣೆಗೆ ಕರೆದು, ಕಿಟಕಿಯ ಹತ್ತಿರವೇ ನಿಂತುಕೊಂಡು, ಇನ್ಸ್‌ಪೆಕ್ಟರು ಸಾಲಿನ ಉದ್ದಕ್ಕೂ ನಿಮ್ಮ ಭುಜಕ್ಕೆ ಭುಜ ತಾಗಿಸಿ ನಡೆಯುತ್ತಾರೆ ಮಾರಾಯ್ರೆ, ಅಷ್ಟರೊಳಗೆ ಏನಾದರೂ ಮಾಡಿ ಎಂದರು. ತೀರ್ಥರಾಮರು ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ. ನನಗೆ ಅವರನ್ನು ಕಂಡು ಪಾಪ ಅನ್ನಿಸಿತು. ಬರೆದವನು ನಾನೇ ಆದರೂ.

೨

ಏನೇನು ಮಾಡಿದರು ಎಂದು ಪಟ್ಟಿ ಕೊಡುವ ಆಸೆ ನನಗಿಲ್ಲ, ನಾಲ್ಕು ಪುಟ ಅದರಲ್ಲೇ ಹಾಳಾಗಿವೆ. ಪಕ್ಕದ ಮನೆಯ ರುಖಿಯಮ್ಮ, ಅಕ್ಕಿ ಅಂಗಡಿಯ ಆದಂ ಕುಂಞಿಯವರ ಹೆಂಡತಿ, ಬೂದಿ ನೀರಲ್ಲಿ ಕುದಿಸಿ ಎಂದರು. ಕುದಿಸಿದರು. ಅಂಟುವಾಳದ ನೊರೆಯಲ್ಲಿ ಒಂದು ರಾತ್ರಿ ನೆನೆಸಿದರು. ಲಿಂಬೆಹುಳಿ ಹಿಂಡಿದರು. ಆದಂ ಕುಂಞಿಯವರು ತಮ್ಮ ಅತ್ತರಿನ ಬಾಟಲಿ ಎತ್ತಿ ಕಾಲರಿಗೆ ಎರಡು ಬೊಟ್ಟು ಹಾಕಿದ ದಿನವಂತೂ ಬೇಡವೇ ಬೇಡ, ಹೆಡ್ಮಾಸ್ತರರು ಅರ್ಧ ದಿನ ರಜೆ ಕೊಟ್ಟು ಮನೆಗೆ ಕಳಿಸಿದರು. ಒಟ್ಟಿನಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಹತ್ತು ಗಂಟೆಗೆ ಡ್ರಿಲ್, ಹತ್ತೂಕಾಲಿಗೆ ವಾಸನೆ.

(ಇದರ ಮಧ್ಯೆ ರುಖಿಯಮ್ಮನ ದನ ಬೇರೆ. ತಂತಿಯಲ್ಲಿ ಒಣಗಿದ ಅಂಗಿಯನ್ನು ಅದು ಕತ್ತು ಚಾಚಿ ನೆಕ್ಕುತ್ತಿತ್ತು. ಒಮ್ಮೆ ಮಾಸ್ತರರ ಹಿಂದೆಯೇ ಶಾಲೆಯ ಗೇಟಿನವರೆಗೂ ಬಂತು. ಬೆವರಿನ ಉಪ್ಪಿಗೆ ಬರುತ್ತದೆ ಎಂದು ಊರೇ ಹೇಳಿತು. ನಾನೂ ಹಾಗೆಯೇ ಬರೆದೆ. ಏಳು ಡ್ರಾಫ್ಟುಗಳಲ್ಲಿ.)

೨ರಲ್ಲಿ ಹೇಳಲು ಮರೆತದ್ದು

ಪೂವಮ್ಮನನ್ನು. ಮಾಸ್ತರರ ಹೆಂಡತಿ, ಮದುವೆಯಾಗಿ ಆರು ತಿಂಗಳು. ಮನೆಯಲ್ಲಿ ಗಂಡ ಹೆಂಡತಿ ಮಾತಾಡುವುದು ಸುಳ್ಯದ ಕಡೆಯ ಅರೆಭಾಷೆ. ನಿಮಗಾಗಿ ನಾನು ಕನ್ನಡ ಮಾಡಿದ್ದೇನೆ, ಅದಕ್ಕೂ ಅವಳಿಗೆ ನನ್ನ ಮೇಲೆ ಸಿಟ್ಟು.

ಅಂಗಿಯ ಗರಿ ಅವಳದ್ದು. ಮನೆಯಲ್ಲಿ ಇಬ್ಬರೂ ಉಣ್ಣುವುದು ಕುಚ್ಚಲಕ್ಕಿ ಗಂಜಿ. ಅದರ ತಿಳಿಯಲ್ಲಿ ಅದ್ದಿದರೆ ಬಿಳಿ ಬಟ್ಟೆ ಕೆಂಪಗಾಗುತ್ತದೆಂದು, ಅಂಗಿಗೆ ಮಾತ್ರ ಬೆಳ್ತಿಗೆ ಅಕ್ಕಿ ತರಿಸಿ ಬೇರೆಯೇ ಗಂಜಿ ಬೇಯಿಸುತ್ತಿದ್ದಳು. ಆ ತಿಳಿಯನ್ನು ಮಣ್ಣಿನ ಪಾತ್ರೆಯಲ್ಲಿ ಎರಡು ದಿನ ಇಟ್ಟು ಆಮೇಲೆ ಅಂಗಿ ಅದ್ದಬೇಕು, ಹಳತಾದಷ್ಟೂ ಗರಿ ಹೆಚ್ಚು. ಇದು ಅವಳ ತಾಯಿಮನೆಯ ಕ್ರಮ. ಮೊದಲ ದಿನ ಹೆಡ್ಮಾಸ್ತರರು ಇಡೀ ಶಾಲೆಯ ಮುಂದೆ, ಇಸ್ತ್ರಿ ಅಂದ್ರೆ ಇದು, ನೋಡಿ ಕಲೀರಿ ಎಂದಿದ್ದರು. ತೀರ್ಥರಾಮರು ಮನೆಗೆ ಬಂದು ಹೇಳಿದಾಗ ಅವಳು ಇನ್ನೊಮ್ಮೆ ಹೇಳಿ ಎಂದಿದ್ದಳಂತೆ. ಹುಟ್ಟಿದ ಮನೆಯಲ್ಲಿ ಅವಳ ಯಾವ ಕೆಲಸವನ್ನೂ ಯಾರೂ ಹೊಗಳಿದವರಲ್ಲ.

ಈಗ ನಿಮಗೆ ಹೊಳೆಯಿತು. ನನಗೆ ಹೊಳೆಯಲು ಏಳು ಡ್ರಾಫ್ಟು ಬೇಕಾಯಿತು. ರುಖಿಯಮ್ಮನಿಗೆ ಒಂದು ದಿನ ಸಾಕಾಯಿತು. ಒಗೆಯುವ ಕಲ್ಲಿನ ಹತ್ತಿರ ಅಂಗಿ ಮೂಸಿದರು, ಏನೂ ಇಲ್ಲ. ಗಂಜಿಯ ಪಾತ್ರೆ ಮೂಸಿದರು. ಪೂವಮ್ಮನಿಗೆ ಏನೂ ಹೇಳದೆ, ಸಂಜೆ ಬೇಲಿಯ ಹತ್ತಿರ ಮಾಸ್ತರರನ್ನು ನಿಲ್ಲಿಸಿದರು.

"ಅದು ಬೆವರಲ್ಲ ಮಾಸ್ತ್ರೆ. ದನಕ್ಕೆ ಇಡುವ ಹುಳಿ ಅಕ್ಕಚ್ಚು ಉಂಟಲ್ಲ, ಅದೇ ವಾಸನೆ. ಬೆವರು ತಾಗಿದ ಕೂಡ್ಲೆ ಗಂಜಿ ವಾಸನೆ ಏಳ್ತದೆ. ನಮ್ಮ ದನಕ್ಕೆ ಮೊದ್ಲೇ ಗೊತ್ತಿತ್ತು."

೪

(ಮೂರನೆಯದು ಇಲ್ಲ. ಅದರಲ್ಲಿ ತೀರ್ಥರಾಮರು ಸೀದಾ ಮನೆಗೆ ಹೋಗಿ ಹೆಂಡತಿಗೆ ವಿಷಯ ಹೇಳುತ್ತಿದ್ದರು, ಅವಳು ನಗುತ್ತಿದ್ದಳು, ಕಥೆ ಮುಗಿಯುತ್ತಿತ್ತು. ಅವರು ಒಪ್ಪಲಿಲ್ಲ.)

"ಅದು ಬರೀಬೇಡಿ," ಎಂದರು.

ಖಾಯಂ ಆಗುವುದು ಬೇಡವೇ ಎಂದು ರೇಗಿದೆ. ನಾಲ್ಕು ಮಾತಿನಲ್ಲಿ ಮುಗಿಯುವುದಕ್ಕೆ ನಾನು ಎಷ್ಟು ಕಾಗದ ಕೆಡಿಸಬೇಕು ಎಂದೂ ಕೇಳಿದೆ.

"ಅವ್ಳ ಹತ್ರ ಇರುದು ಅದೊಂದೇ ಸಾರ್. ನಾನು ಹೇಗೆ ಹೇಳುದು?"

ಬದಲಿಗೆ ಅವರು ಮಾಡಿದ್ದನ್ನು ಕೇಳಿ. ಗರಿಗರಿ ಅಂಗಿಯನ್ನು ಚೀಲದಲ್ಲಿಟ್ಟುಕೊಂಡು ಬೇಗ ಹೊರಡುವುದು. ದಾರಿಯ ತೋಡಿನ ಹರಿಯುವ ನೀರಿನಲ್ಲಿ ಗಂಜಿ ಪೂರ್ತಿ ಹೋಗುವವರೆಗೆ ಜಾಲಿಸುವುದು. ಕಲ್ಲಿನ ಮೇಲೆ ಒಣಗಿಸಿ ಹಾಕಿಕೊಳ್ಳುವುದು. ವಾಸನೆ ಹೋಯಿತು. ಮಕ್ಕಳು ಸರಿಯಾದ ದಿಕ್ಕಿಗೆ ತಿರುಗತೊಡಗಿದರು. ಆದರೆ ಅಂಗಿ ಬಾಡಿದ ಬಸಳೆ ಸೊಪ್ಪಿನಂತೆ ಜೋತುಬಿತ್ತು. ವಾಸನೆಯೂ ಹೋಯ್ತು, ಇಸ್ತ್ರಿಯೂ ಹೋಯ್ತಲ್ಲ ಎಂದು ಹೆಡ್ಮಾಸ್ತರರು ಹೊಸ ರಗಳೆ ತೆಗೆದರು. ಇನ್ಸ್‌ಪೆಕ್ಟರ ದಿನ ಡ್ರಿಲ್ ನೋಡಲು ಪೂವಮ್ಮ ರುಖಿಯಮ್ಮನ ಜೊತೆ ಬರುವುದೆಂದು ಆಗಿತ್ತು. ತನ್ನ ಅಂಗಿಯನ್ನು ನೋಡಲು.

ಇಲ್ಲಿಗೆ ನನ್ನ ಹತ್ತಿರ ಎರಡು ಕ್ಲೈಮ್ಯಾಕ್ಸ್ ಇದ್ದವು.

(ಅ) ಇನ್ಸ್‌ಪೆಕ್ಟರಿಗೆ ಆ ದಿನ ಜೋರು ಶೀತ. ಮೂಗು ಕಟ್ಟಿದೆ. ಎಲ್ಲ ಸುಖಾಂತ್ಯ. (ಇಷ್ಟು ಸೋಮಾರಿಯಾಗಲು ನನಗೂ ನಾಚಿಕೆ ಉಂಟು.)

(ಆ) ಮಾಸ್ತರರು ಗಂಜಿ ಅಂಗಿಯಲ್ಲೇ ಹೋಗುತ್ತಾರೆ, ದನ ಮೈದಾನಕ್ಕೆ ನುಗ್ಗುತ್ತದೆ, ಇನ್ಸ್‌ಪೆಕ್ಟರು ಓಡುತ್ತಾರೆ. (ನೀವು ನಗುತ್ತೀರಿ. ಪೂವಮ್ಮ ಬೇಲಿಯಾಚೆ ನಿಂತಿರುತ್ತಾಳೆ. ಬರೆಯಲು ಕೈ ಬರಲಿಲ್ಲ.)

೫

ಇನ್ಸ್‌ಪೆಕ್ಷನ್ನಿನ ಹಿಂದಿನ ಸಂಜೆ ಪೂವಮ್ಮನೇ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ನಂಗೆ ಗೊತ್ತಿಲ್ಲ ಅಂತ ಬರ್ದಿದ್ದೀರಿ. ಗಂಜಿ ಹಾಕಿದ ಅಂಗಿ ನೆನೆಸಿದ್ರೆ ಮೊದ್ಲ ನೀರು ಹಾಲಿನ ಹಾಗೆ ಆಗ್ತದೆ. ಒಂದು ವಾರ ಆಯ್ತು, ನೀರು ನೀರೇ. ಒಗೆಯುವವಳಿಗೆ ಅಷ್ಟೂ ತಿಳಿಯುದಿಲ್ವಾ?"

ಎಲ್ಲೋ ತೊಳೆಯುತ್ತಿದ್ದಾರೆ ಎಂದು ಅವಳಿಗೆ ಅಂದೇ ಗೊತ್ತಾಗಿತ್ತು. ಯಾಕೆಂದು ತಿಳಿಯಲು ಪಾತ್ರೆಯ ಹತ್ತಿರ ಮೂಗು ಇಟ್ಟರೆ ಸಾಕಾಯಿತು. ಹಾಗಾದರೆ ಗಂಜಿ ಹಾಕುವುದನ್ನು ಯಾಕೆ ನಿಲ್ಲಿಸಲಿಲ್ಲ ಎಂದೆ.

"ಅವ್ರು ಹೇಳ್ಲಿ ಅಂತ. ವಾಸನೆ ನಂದು ಅಂತ ಹೇಳಿದ್ರೆ ನಾನೆಂತ ಸಾಯ್ತಿದ್ನಾ? ರುಖಿಯಮ್ಮನಿಗೆ ಗೊತ್ತು, ದನಕ್ಕೆ ಗೊತ್ತು. ನಂಗೆ ಮಾತ್ರ ಹೇಳ್ಬಾರ್ದು. ನಾನು ಆ ಮನೆಯಲ್ಲಿ ಯಾರು ಹಾಗಾದ್ರೆ?"

ಇಷ್ಟು ಹೊತ್ತು ವಾಸನೆಯ ಕಥೆ ಬರೆಯುತ್ತಿದ್ದೇನೆ ಎಂದುಕೊಂಡಿದ್ದವನಿಗೆ ಮುಖಕ್ಕೆ ತಣ್ಣೀರು ಎರಚಿದ ಹಾಗಾಯಿತು.

ಆಗ ತೀರ್ಥರಾಮರು ಶಾಲೆಯಿಂದ ಬಂದರು. ಚಪ್ಪಲಿ ಬಿಟ್ಟರು. ಪೂವಮ್ಮ ಒಗೆದ ಅಂಗಿಯನ್ನೂ ಗಂಜಿಯ ಪಾತ್ರೆಯನ್ನೂ ತಂದು ಅವರ ಮುಂದೆ ಜಗಲಿಯ ಮೇಲೆ ಇಟ್ಟಳು. ತಾನು ಎದುರಿಗೆ ಕುಳಿತಳು.

"ನಾಳೆಯದ್ದು ನೀವೇ ಅದ್ದಿ," ಎಂದಳು.

೬

ಬರೆಯುವುದಿಲ್ಲ. ಅವರು ಅಂಗಿ ಅದ್ದಿದರೋ ಬಾಯಿ ಬಿಟ್ಟರೋ, ಕೆಲಸ ಖಾಯಂ ಆಯಿತೋ ಎಂದು ನನ್ನನ್ನು ಕೇಳಬೇಡಿ, ನನಗೂ ಸಾಕಾಗಿದೆ. ನಾನು ಪೆನ್ನು ಕೆಳಗಿಡುವಾಗ ಅವರ ಕೈ ಪಾತ್ರೆಯ ಕಂಠದ ಮೇಲೆ ಇತ್ತು. ಅವಳು ಪಾತ್ರೆಯನ್ನಲ್ಲ, ಅವರ ಬಾಯಿಯನ್ನು ನೋಡುತ್ತಿದ್ದಳು.