ಫ್ರಿಜ್ಜಿನಲ್ಲಿಟ್ಟ ಡೀಸೆಲ್

ಅಣ್ಣನ ಹೆಣದ ಪಕ್ಕದಲ್ಲೇ ಅತ್ತಿಗೆ ಎಚ್ಚರ ತಪ್ಪಿ ಬಿದ್ದಿದ್ದಳು. ಐಸು ತರಲು ಅಡುಗೆಮನೆಗೆ ಓಡಿದ ಕಿರಿಯ ಪರೀಕ್ಷಕ ಫ್ರಿಜ್ಜಿನ ಮೇಲಿನ ಬಾಗಿಲು ತೆಗೆದವನೇ ಗರಬಡಿದವನಂತೆ ನಿಂತ. ಐಸಿನ ಪಕ್ಕ ಒಂದು ಬಾಟಲಿ. ಚೀಟಿಯಲ್ಲಿ ನಿನ್ನೆಯ ತಾರೀಖು, ಸತ್ತವನ ಅಕ್ಷರ. ಒಳಗಿನ ಡೀಸೆಲ್ ಬೆಳ್ಳಗೆ ಮೇಣವಾಗಿತ್ತು. ಬೋರಲು ಹಿಡಿದ, ಒಂದು ಹನಿಯೂ ಜಾರಲಿಲ್ಲ.

ಅಯ್ಯೋ, ಕೆಟ್ಟೆ!

"ಐಸೆಲ್ಲಪ್ಪಾ?" ಹಜಾರದಿಂದ ಇಂಧನ ಡಿಪೋದ ಸಾಹೇಬರು ಕೂಗಿದರು.

ಐಸು ಕೊಟ್ಟ. ಬಾಟಲಿಯನ್ನು ಜೇಬಿಗಿಳಿಸಿಕೊಂಡ.

*

ಸೈನ್ಯದ ಲಾರಿಗಳಿಗೆ ಯಾವ ಇಂಧನ ತುಂಬಬೇಕೆಂದು ಹೇಳುವುದೇ ಅಣ್ಣನ ಮೂವತ್ತು ವರ್ಷದ ಕೆಲಸ. ಬಯಲಲ್ಲಿ ಓಡುವುದಕ್ಕೆ ಡೀಸೆಲ್, ಹಿಮದ ಬೆಟ್ಟ ಹತ್ತುವುದಕ್ಕೆ ಚಳಿಗೆ ಹೆಪ್ಪುಗಟ್ಟದ ಸೀಮೆಎಣ್ಣೆ. ಕಾಗದ ನಂಬುವ ಆಸಾಮಿಯೇ ಅಲ್ಲ. ಪ್ರತಿ ಲೋಡಿನದೂ ಒಂದು ಬಾಟಲಿ ಮನೆಗೆ ತಂದು ಚಳಿಗೆ ಇಟ್ಟು ನೋಡುತ್ತಿದ್ದ. "ಮಿಲಿಟರಿ ನನ್ನ ಫ್ರಿಜ್ಜಿಗೂ ನುಗ್ತು" ಎಂದು ಅತ್ತಿಗೆ ಛೇಡಿಸುತ್ತಿದ್ದಳು.

ಅಣ್ಣ ಹಾಸಿಗೆ ಹಿಡಿದ ಮೇಲೆ ಸಹಿ ಕಿರಿಯನ ಪಾಲಿಗೆ ಬಂತು. ನಿನ್ನೆ ಸೀಮೆಎಣ್ಣೆಯ ಟ್ಯಾಂಕರ್ ಬರಲಿಲ್ಲ. ಸಾಹೇಬರದೋ ಒಂದೇ ಅವಸರ. ಒಂದ್ಸಲ ತಾನೆ ಅಂದುಕೊಂಡು ಹನ್ನೆರಡು ಲಾರಿಗೂ ಡೀಸೆಲ್ ತುಂಬಿಸಿ, ಸೀಮೆಎಣ್ಣೆ ಎಂದೇ ಬರೆದು ಸಹಿ ಜಡಿದ. ಎಲ್ಲಕ್ಕೂ ಮುಂದೆ ಹೊರಟ ಲಾರಿಯ ಚಾಲಕ ಅಣ್ಣನ ಒಬ್ಬನೇ ಮಗ.

ಸಂಜೆ ಅಣ್ಣ ಕೇಳಿದ್ದು ಒಂದೇ: "ಬಾಟ್ಲಿ ತಂದ್ಯೇನೋ?"

"ತಂದಿದ್ದೀನಣ್ಣ. ಎಲ್ಲಾ ಸರಿಯಾಗಿದೆ."

ಮಲಗಿದಲ್ಲೇ ಅಣ್ಣ ಚೀಟಿ ಬರೆದು ಅಂಟಿಸಿದ, ಅತ್ತಿಗೆ ಬಾಟಲಿಯನ್ನು ಫ್ರಿಜ್ಜಿಗೆ ಸೇರಿಸಿದಳು. ಬೆಳಗಾಗುವಷ್ಟರಲ್ಲಿ ಅಣ್ಣ ತೀರಿಕೊಂಡಿದ್ದ.

*

"ಮಗ ಬರೋವರ್ಗೂ ಕಾಯೋದು ಬೇಡ್ವಾ?" ಪಕ್ಕದ ಮನೆಯಾಕೆ ಕೇಳಿದಳು.

"ಎಲ್ಲಿಂದ ಬರ್ತಾನಮ್ಮ? ಇನ್ನೊಂದು ಗಂಟೇಲಿ ಹಿಮದ ರಸ್ತೆ ಮುಟ್ತಾನೆ" ಎಂದರು ಸಾಹೇಬರು.

ನಾಲ್ವರು ಶವದ ಪೆಟ್ಟಿಗೆಗೆ ಹೆಗಲು ಕೊಟ್ಟರು. ಮುಂದೆ ಸಾಹೇಬರು, ಪಕ್ಕದಲ್ಲಿ ಕಿರಿಯ. ಹೇಳಿದರೆ ಕೆಲಸ ಹೋದೀತು, ಜೈಲೂ ಆದೀತು. ಹೇಳದಿದ್ದರೆ? ಆ ಚಳಿಯಲ್ಲಿ ಇಂಜಿನ್ ನಿಂತರೆ ಹುಡುಗರು ಎಷ್ಟು ಹೊತ್ತು ಬದುಕಿಯಾರು?

ಬೀದಿಯ ನಡುವೆ ಅವನ ಕಾಲು ಮುಂದಕ್ಕೆ ಹೋಗಲೊಲ್ಲದು.

"ಇಳಿಸಿ."

"ತಲೆ ಕೆಟ್ಟಿದ್ಯೇನೋ?"

"ಇಳಿಸಿ ಸಾರ್! ಲಾರೀಲಿರೋದು ಡೀಸೆಲ್. ನಾನೇ ಸುಳ್ಳು ಸಹಿ ಹಾಕ್ದೆ. ಮೇಲೆ ಹತ್ತೋಕ್ಮುಂಚೆ ವಾಪಸ್ ಕರೀರಿ, ದಮ್ಮಯ್ಯ!"

ಪೆಟ್ಟಿಗೆ ಟಾರಿನ ಮೇಲೆ ಕೂತಿತು. ಸಾಹೇಬರು ಫೋನು ಕಿವಿಗೊತ್ತಿಕೊಂಡರು. "ಹಲೋ, ಎಲ್ಲಿವರ್ಗೂ ಹೋದ್ರು? ಹಲೋ?"

ಹಿಂದೆಯೇ ಬರುತ್ತಿದ್ದ ಅತ್ತಿಗೆಗೆ ಅಷ್ಟೂ ಕೇಳಿಸಿತ್ತು. ಗಂಡನ ಪೆಟ್ಟಿಗೆಯನ್ನು ಬಳಸಿಕೊಂಡು ಮುಂದೆ ಬಂದು, ಅದಕ್ಕೆ ಬೆನ್ನು ಹಾಕಿ, ಸಾಹೇಬರ ತುಟಿಗಳನ್ನೇ ನೋಡುತ್ತ ನಿಂತಳು.