ಕೊಳದ ಕಡೆಯ ಕಿಟಕಿ

ಇದನ್ನು ಹೇಳುವ ಯೋಗ್ಯತೆ ನನಗಿಲ್ಲವೆಂಬ ಅಳುಕಿನಲ್ಲೇ ಶುರುಮಾಡುತ್ತಿದ್ದೇನೆ, ಕ್ಷಮಿಸಬೇಕು. ನಾನು ಓದಿದ್ದು ಸಂಜೆ ತರಗತಿಗಳಲ್ಲಿ. ಬೇರೆಯವರ ಬದುಕನ್ನು ಬರೆಯುವುದು ಕಾರ್ಲಾ ಲಿಂಡ್‌ಕ್ವಿಸ್ಟ್ ಅಂಥವರ ಕೆಲಸ. ಸ್ವಂತ ಕಾದಂಬರಿಗಳ ಜೊತೆಗೆ, ತೀರಿಹೋದ ಲೇಖಕರ ಜೀವನಚರಿತ್ರೆಗಳನ್ನೂ ಬರೆದು ಹೆಸರು ಮಾಡಿದವರು. ಆದರೆ ಅವತ್ತು ಆ ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿದ್ದವಳು ನಾನು. ಅಲ್ಲಿದ್ದ ಉಳಿದವರು ಇದನ್ನು ಹೇಳಲಾರರು.

"ಕಿಟಕಿ ಪುಟಾನೇ ಓದಿಬಿಡಿ," ಎಂದರು ವಿನಿಫ್ರೆಡ್. "ಊರೆಲ್ಲ ಅದನ್ನೇ ಮಾತಾಡ್ಕೊಂತಿದೆ. ನನ್ನ ಕಣ್ಣಿಗೆ ಈಗ ಅಕ್ಷರಾನೂ ಒಂದೇ, ಇರುವೇನೂ ಒಂದೇ."

ಕಾದಂಬರಿಕಾರ್ತಿ ಅಡೀಲಾ ಪ್ರೌಟಿಯ ತಂಗಿ ಅವರು. ಅಕ್ಕ ಹೋದ ಮೇಲೆ ವರ್ಮಾಂಟಿನ ಆ ಮನೆಯಲ್ಲಿ ಒಬ್ಬರೇ ಇದ್ದರು. ನೆರೆಯವಳಾದ ನಾನು ಬಂದು ಹೋಗಿ ಮಾಡುತ್ತಿದ್ದೆ. ಮೇಜಿನ ಆಚೆ ಬದಿಗೆ ಅಡೀಲಾರ ಮಗಳು ಮರಿಯನ್ ಕೋಟನ್ನೂ ಬಿಚ್ಚದೆ ಕೂತಿದ್ದಳು. ಕಾರ್ಲಾ ಬರೆದ ಅಡೀಲಾರ ಜೀವನಚರಿತ್ರೆಯ ಆ ಪುಟಗಳು ಪುಸ್ತಕಕ್ಕಿಂತ ಮೊದಲೇ ಪತ್ರಿಕೆಯಲ್ಲಿ ಬಂದಿದ್ದವು. ಓದಿದಂದಿನಿಂದ ಅವಳು ಅಮ್ಮನ ಹೆಸರೆತ್ತಿರಲಿಲ್ಲ. ಅಪ್ಪ ಅಮ್ಮ ಇಬ್ಬರಿಗೂ ಇದ್ದದ್ದು ಒಂದೇ ಸಮಾಧಿಕಲ್ಲು. ಅದರಿಂದ ಅಮ್ಮನ ಹೆಸರನ್ನು ಉಜ್ಜಿ ತೆಗೆಯುವಂತೆ ಕಲ್ಲುಕುಟಿಗ ಡೆಲ್ಬರ್ಟ್‌ಗೆ ಹೇಳಿದ್ದಳು. ದಾರಿಯ ಹಿಮ ಕರಗಲಿ ಎಂದಿದ್ದ ಅವನು. ಹೊರಗೆ ಸೂರಿನಿಂದ ಬೆಳಗಿನಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

ಕಾರ್ಲಾ ಹೊಸ ಪುಸ್ತಕದ ಬೆನ್ನು ಮುರಿಯದಂತೆ ಜೋಪಾನವಾಗಿ ಬಿಡಿಸಿ ಓದಿದರು. ಅಡೀಲಾರ ಗಂಡ ಎವರೆಟ್ ಹೆಪ್ಪುಗಟ್ಟಿದ ಕೊಳವನ್ನು ದಾಟುತ್ತಿದ್ದಾನೆ. ಬಸುರಿ ಹೆಂಡತಿ ಮೇಲಿನ ಕೋಣೆಯ ಕಿಟಕಿಯಲ್ಲಿ ನಿಂತಿದ್ದಾಳೆ. ಮಂಜುಗಡ್ಡೆ ಬಿರಿಯುತ್ತದೆ, ಗಂಡ ಕೈ ಎತ್ತುತ್ತಾನೆ. ಅವಳು ಕೂಗುವುದಿಲ್ಲ. ಪರದೆ ಎಳೆಯುತ್ತಾಳೆ.

ಯಾರ ಬಗ್ಗೆ ಬರೆಯುತ್ತಾರೋ ಅವರ ಕೋಣೆಯಲ್ಲೇ ಮಲಗಿ ಬರೆಯುವುದು ಕಾರ್ಲಾರ ಪದ್ಧತಿ. ಒಂದಿಡೀ ಚಳಿಗಾಲ ಈ ಮನೆಯ ಮೇಲಿನ ಆ ಕೋಣೆಯಲ್ಲಿ ಮಲಗಿದ್ದರು. ಹಾಸಿಗೆಯಿಂದಲೇ ಕೊಳ ಪೂರ್ತಿ ಕಾಣುತ್ತಿತ್ತು. ಅಡೀಲಾರ ಕಾದಂಬರಿಯೊಂದರಲ್ಲಿ, ಮುಳುಗುವವನನ್ನು ಕಿಟಕಿಯಿಂದ ಸುಮ್ಮನೆ ನೋಡುವ ಹೆಂಗಸೊಬ್ಬಳು ಬರುತ್ತಾಳೆ. ಎರಡನ್ನೂ ಜೋಡಿಸಿ ಅವರು ಆ ಪುಟ ಬರೆದಿದ್ದರು.

"ಯಾವ ಕಿಟಕಿ?" ಎಂದರು ವಿನಿಫ್ರೆಡ್.

"ಮೇಲಿಂದು. ನಾನು ಮಲಗ್ತಿದ್ನಲ್ಲ, ಆ ಕೋಣೇದು."

"ಈ ಮನೇದಾ? ಅದು ಹೆಂಗಾಗತ್ತೆ ತಾಯಿ? ಎವರೆಟ್ ಹೋದಾಗ ಈ ಮನೆ ಇಲ್ಲೆಲ್ಲಿತ್ತು?"

ಕಾರ್ಲಾ ನಕ್ಕರು. "ಇದು ನಿಮ್ಮಜ್ಜನ ಕಾಲದ ಮನೆ ಅಂತ ನೀವೇ ಹೇಳಿದ್ರಲ್ಲ."

"ಮನೆ ಹಳೇದೇ. ಜಾಗ ಹೊಸದು. ಮೊದಲು ಗುಡ್ಡದ ಆಕಡೆ, ರಸ್ತೆ ಪಕ್ಕ ಇತ್ತು. ರಸ್ತೆ ಅಗಲ ಮಾಡ್ತೀವಿ ಅಂದ್ರು. ಮರದ ಮನೆ ತಾನೇ, ಇಡೀ ಮನೇನೇ ಎತ್ತಿ ದಿಮ್ಮಿ ಮೇಲಿಟ್ಟು ಇಲ್ಲಿಗೆ ಎಳ್ಕೊಂಡು ಬಂದ್ವಿ. ಗೋಡೆ ಮೇಲಿನ ಗಡಿಯಾರಾನೂ ಇಳಿಸಿರ್ಲಿಲ್ಲ. ಮರಿಯನ್, ನೀನಾಗ ಕೂಸು, ನನ್ನ ತೊಡೆ ಮೇಲಿದ್ದೆ. ಮನೆ ನಡ್ಕೊಂಡು ಹೋಗ್ತಿದೆ ಅಂತ ಕೇಕೆ ಹಾಕ್ತಿದ್ದೆ."

ನಮ್ಮ ಕಡೆ ಮನೆ ಎಳೆಯುವುದು ದೊಡ್ಡ ಸುದ್ದಿಯಲ್ಲ. ನಮ್ಮ ಬೀದಿಯ ಅಂಚೆಕಚೇರಿಯೂ ಬೇರೆಲ್ಲಿಂದಲೋ ಬಂದದ್ದೇ. ಆದರೂ ನನ್ನ ಕೈಯಲ್ಲಿದ್ದ ಕಾಫಿ ಬಟ್ಟಲು ತುಂಬಿ ಹೊರಚೆಲ್ಲಿದ್ದು ನನಗೆ ತಿಳಿಯಲಿಲ್ಲ.

"ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದರು ಕಾರ್ಲಾ.

"ಅವಳು ಏನು ತಿಂತಿದ್ಲು, ಯಾರ ಮೇಲೆ ಮನಸ್ಸಿತ್ತು, ಎಲ್ಲಾ ಕೇಳಿದ್ರಿ. ಮನೆ ಎಲ್ಲಿತ್ತು ಅಂತ ಕೇಳಲಿಲ್ಲ. ಮನೆ ಒಳಗೇ ಮಲಗಿರೋರಿಗೆ ನಾನ್ಯಾಕೆ ಹೇಳ್ಲಿ?"

ಕಾರ್ಲಾ ಪುಸ್ತಕ ಮುಚ್ಚಲಿಲ್ಲ. ತೆರೆದ ಪುಟದ ಮೇಲೆ ಅಂಗೈ ಅಗಲಿಸಿ ಇಟ್ಟುಕೊಂಡರು, ಮಗುವಿನ ಬಾಯಿ ಮುಚ್ಚುವ ಹಾಗೆ.

"ಅಲ್ಲಿಂದ ಕೊಳ ಕಾಣ್ತಿತ್ತಾ, ಚಿಕ್ಕಮ್ಮ?" ಎಂದಳು ಮರಿಯನ್.

"ನಡುವೆ ಅಷ್ಟು ದೊಡ್ಡ ಗುಡ್ಡ ಇಟ್ಕೊಂಡು ಯಾರಿಗೆ ಕಾಣತ್ತೆ, ಮಗಳೇ? ಬಾಗಿಲು ತಟ್ಟಿ ಹೇಳಿದ್ದು ಪಾದ್ರಿ. ಅಡೀಲಾ ಹಿಟ್ಟು ನಾದ್ತಿದ್ಲು. ಅವಳ ಪಕ್ಕ ನಾನಿದ್ದೆ."

ಮರಿಯನ್ ಎದ್ದು ಡೆಲ್ಬರ್ಟ್‌ಗೆ ಫೋನ್ ಮಾಡಿದಳು. ರಿಂಗಾಗುತ್ತಲೇ ಇತ್ತು.

ನನ್ನ ಕಾರಿನಲ್ಲಿ ನಾಲ್ವರೂ ಹೋದೆವು. ಸ್ಮಶಾನದ ಗೇಟಿನ ಬಳಿ ಡೆಲ್ಬರ್ಟ್ ಸಾಮಾನು ಗಾಡಿಗೆ ತುಂಬುತ್ತಿದ್ದ. ಹುಬ್ಬಿನ ಮೇಲೂ ಬಿಳಿ ಪುಡಿ.

"ನೀನೇ ಬಂದ್ಯಾ? ಒಳ್ಳೇದಾಯ್ತು," ಎಂದ. "ಹೋಗಿ ನೋಡು, ಗಾಜಿನ ಹಂಗೆ ಮಾಡಿದೀನಿ. ಅಲ್ಲೊಂದು ಹೆಸರಿತ್ತು ಅಂತ ದೇವರಾಣೆ ಯಾರಿಗೂ ಗೊತ್ತಾಗಲ್ಲ."

ಮರಿಯನ್ ಅವನಿಗೆ ಥ್ಯಾಂಕ್ಸ್ ಹೇಳಿದಳು. ಹೇಳಿ, ಅಲ್ಲೇ ಗೇಟಿನ ಸರಳು ಹಿಡಿದು ನಿಂತುಬಿಟ್ಟಳು.

ನಾನು ವಿನಿಫ್ರೆಡ್ ಅವರ ತೋಳು ಹಿಡಿದು ಕೆಸರಿನಲ್ಲಿ ನಡೆಸಿಕೊಂಡು ಹೋದೆ. ಅವರು ಕೈಗವಸು ತೆಗೆದು ಕಲ್ಲು ತಡವಿದರು. ಎವರೆಟ್‌ನ ಹೆಸರು ಬೆರಳಿಗೆ ಸಿಕ್ಕಿತು. ಬೆರಳು ಪಕ್ಕಕ್ಕೆ ಜಾರಿತು, ಜಾರುತ್ತಲೇ ಹೋಯಿತು.

"ಚರ್ಚ್ ಪಕ್ಕ ಇಡ್ಸೋಣ ಕಣೇ ಮನೇನ, ಅಂದೆ ನಾನು," ಎಂದರು ಕಲ್ಲಿಗೇ ಹೇಳುವಂತೆ. "ಕೊಳಕ್ಕೇ ಮುಖ ಮಾಡಿ ಇಡ್ಬೇಕು ಅಂತ ಹಟ ಹಿಡಿದ್ಲು."

ಹಿಂದೆ ನಿಂತಿದ್ದ ಕಾರ್ಲಾ ಅಭ್ಯಾಸಬಲದಿಂದ ಜೇಬಿನ ಪೆನ್ಸಿಲ್ಲಿಗೆ ಕೈ ಹಾಕಿದರು. ಹಾಕಿದ ಕೈ ಅಲ್ಲೇ ಉಳಿಯಿತು.

ಗಂಡನನ್ನು ನುಂಗಿದ ನೀರಿನ ಮುಂದೆ ಅಡೀಲಾ ಆ ಕಿಟಕಿಯನ್ನು ಯಾಕೆ ತಂದು ನಿಲ್ಲಿಸಿಕೊಂಡರೋ, ನನಗೆ ಗೊತ್ತಿಲ್ಲ. ವಿನಿಫ್ರೆಡ್ ಕೇಳಿರಲಿಲ್ಲವಂತೆ.