ಬೆಳಕಿಗೊಂದು ಗುಳಿಗೆ

ಮುಂಬೈಯ ಸಾಂತಾಕ್ರೂಜಿನ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಕಲಿಸುವ ಶೈಲಾ ಕನ್ನಡದಲ್ಲಿ ಮೊದಲ ಸಲ ಭಾಷಣ ಮಾಡಿದ್ದು ಕಾಂದಿವಲಿಯ ಕನ್ನಡ ಸಂಘವೊಂದರ ಸಣ್ಣ ಸಭಾಂಗಣದಲ್ಲಿ. ಆ ಭಾಷಣ ಮುಂದೆ ತನ್ನ ಕೊರಳಿಗೇ ಸುತ್ತಿಕೊಂಡೀತು ಎಂದು ಅವಳಿಗೆ ಅಂದು ಹೊಳೆದಿರಲಿಲ್ಲ.

ಭಾಷಣದ ವಿಷಯ ವಿಜ್ಞಾನ ಮತ್ತು ದೇವರು. ಅವಳ ಜೊತೆ ವೇದಿಕೆಯ ಮೇಲಿದ್ದವರು ನರರೋಗ ತಜ್ಞ ಡಾಕ್ಟರ್ ಅನಿಕೇತ್. ಬೆಳಗಾವಿಯ ಮನೆತನದವರಾದರೂ ಹುಟ್ಟಿ ಬೆಳೆದದ್ದೆಲ್ಲ ಮುಂಬೈಯಲ್ಲಿ. ಅವರ ಕನ್ನಡ ನಾಲ್ಕು ಹೆಜ್ಜೆ ನಡೆದು ಹಿಂದಿಯ ಹೆಗಲ ಮೇಲೆ ಕೈ ಹಾಕುತ್ತಿತ್ತು. "ಬೆಳಕು ಕಂಡೆ, ದೇವರು ಬಂದ ಹಾಗಾಯ್ತು ಅಂತ ನನ್ನ ಪೇಷಂಟುಗಳು ಹೇಳ್ತಾರೆ. ಮಿದುಳಿನ ಒಂದು ಭಾಗದಲ್ಲಿ ಕರೆಂಟ್ ಗಡಬಡ ಆಗಿರುತ್ತೆ, ಬಸ್. ನಾವು ಮಷಿನ್ನಿನಲ್ಲಿ ನೋಡ್ತೀವಿ. ಅಲ್ಲಿ ದೇವರು ಗೀವರು ಕುಛ್ ನಹೀ" ಎಂದರು.

ಶೈಲಾ ಎದ್ದು ನಿಂತು ಮೇಜಿನ ಮೇಲಿದ್ದ ಚಹಾದ ಕಪ್ಪನ್ನು ಎತ್ತಿ ಹಿಡಿದಳು. "ಈ ಕಪ್ಪು ನೋಡುವಾಗಲೂ ನನ್ನ ಮಿದುಳಿನಲ್ಲಿ ಏನೋ ನಡೆಯುತ್ತದೆ. ಡಾಕ್ಟರ ಮಷಿನ್ನು ಅದನ್ನೂ ತೋರಿಸೀತು. ಹಾಗಂತ ಕಪ್ಪೇ ಇಲ್ಲ ಅನ್ನುತ್ತೀರಾ? ಮಿದುಳಿನಲ್ಲಿ ಕಾರಣ ಸಿಕ್ಕಿತು ಎಂಬುದೊಂದರಿಂದಲೇ ಕಂಡದ್ದು ಸುಳ್ಳು ಎನ್ನಲು ಬರುವುದಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ಡಾಕ್ಟರರೂ ನಗುತ್ತ ತಟ್ಟಿದರು. ಇದು ಅವಳ ವಿದ್ವತ್ತಿನ ಲೋಕದಲ್ಲಿ ಇಂದಿಗೂ ಬಗೆಹರಿಯದ ವಾದ. ಇಂಗ್ಲಿಷಿನಲ್ಲಿ ಅವಳು ಅದರ ಬಗ್ಗೆ ಬರೆದಿದ್ದಳು, ದೇಶವಿದೇಶದವರ ಜೊತೆ ಕಾದಾಡಿದ್ದಳು. ಅವಳಿಗೆ ಸ್ವತಃ ದೇವರ ಮೇಲೆ ನಂಬಿಕೆ ಇರಲಿಲ್ಲ. ಕೊರಳಿನ ಲಿಂಗವನ್ನು ಕಾಲೇಜು ಸೇರಿದ ವರ್ಷವೇ ತೆಗೆದು ತಾಯಿಯ ಕೈಗೆ ಕೊಟ್ಟಿದ್ದಳು. ಆದರೆ ಕೆಟ್ಟ ತರ್ಕ ಕಂಡರೆ ಅದು ಯಾವ ಪಕ್ಷದ್ದಾದರೂ ಅವಳಿಗೆ ತಡೆಯಲಾಗುತ್ತಿರಲಿಲ್ಲ.

ಎರಡನೆಯ ಸಾಲಿನಲ್ಲಿ ಅವಳ ತಾಯಿ ಸುಂದ್ರವ್ವ ಕೂತಿದ್ದಳು. ವಿಜಯಪುರ ಜಿಲ್ಲೆಯಿಂದ ಮದುವೆಯಾಗಿ ಬಂದು, ಗಂಡ ತೀರಿಕೊಂಡ ಮೇಲೆ ಆಂಟಾಪ್ ಹಿಲ್‌ನಲ್ಲಿ ಮಗ ಕಾಶಿನಾಥನ ಮನೆಯಲ್ಲಿದ್ದವಳು. ಮಗಳ ಕೆಲಸವೆಂದರೆ ಏನೆಂದು ಅವಳಿಗೆ ಇಷ್ಟು ದಿನ ತಿಳಿದಿರಲಿಲ್ಲ. ಲೋಕಲ್ ರೈಲಿನಲ್ಲಿ ಮರಳುವಾಗ ಅವಳು ಮಗಳ ಕೈ ಬಿಡಲೇ ಇಲ್ಲ. "ಛಲೋ ಹೇಳಿದಿ ಯವ್ವಾ. ನನ್ನ ಎದಿಯಾಗಿಂದು ಹೇಳಿದಿ" ಎಂದಳು. ಶೈಲಾ ಅದನ್ನು ತಾಯಿಯ ಹೆಮ್ಮೆ ಎಂದುಕೊಂಡಳು.

ಮಳೆಗಾಲ ಮುಗಿಯುವ ಹೊತ್ತಿಗೆ ಸುಂದ್ರವ್ವ ತರಕಾರಿ ಕೊಳ್ಳುತ್ತಿದ್ದವಳು ನಿಂತಲ್ಲೇ ಬಿದ್ದಳು. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಮನೆಯವರಿಗೆ ಗೊತ್ತಿದ್ದ ನರರೋಗದ ಡಾಕ್ಟರು ಒಬ್ಬರೇ. ಕಾಶಿನಾಥ ಅವ್ವನನ್ನು ಅನಿಕೇತರ ಬಳಿಗೇ ಕರೆತಂದ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಕೇಳಿದರು, "ಅಮ್ಮಾ, ಬೀಳೋಕೆ ಮೊದಲು ಏನಾದ್ರೂ ಆಗಿತ್ತಾ?"

ಸುಂದ್ರವ್ವ ಪಕ್ಕದಲ್ಲಿ ಕೂತಿದ್ದ ಮಗಳ ಮುಖ ನೋಡಿದಳು. ಮದುವೆಯ ಮಾತೊಂದನ್ನು ಕಡೆಗೂ ಬಾಯಿ ಬಿಡುವ ಹುಡುಗಿಯಂತೆ ನಾಚಿದಳು.

"ಬೆಳಕು ಬರತದ್ರಿ. ಪೂಜಾ ಮಾಡೂಮುಂದ ಅಂಗೈಯಾಗಿನ ಲಿಂಗದಿಂದ ಹೊಂಟು ಮೈಯೆಲ್ಲಾ ತುಂಬತದ. ಒಮ್ಮೊಮ್ಮೆ ಭಾಂಡೆ ತಿಕ್ಕೂಮುಂದನೂ ಬರತದ. ಆಗ ಯಾರ ಮ್ಯಾಲೂ ಸಿಟ್ಟಿಲ್ಲ, ಸತ್ತವರು ಸತ್ತಿಲ್ಲ, ಎಲ್ಲಾ ಇರೂಹಂಗ ಅದ ಅನಸ್ತದ. ಎರಡು ವರ್ಷ ಆತ್ರಿ."

ಶೈಲಾ ಕುರ್ಚಿಯ ತುದಿಗೆ ಬಂದಳು. ಎರಡು ವರ್ಷ! ಪ್ರತಿ ಭಾನುವಾರ ಇವಳ ಎದುರಿಗೇ ಕೂತು ರೊಟ್ಟಿ ತಿಂದಿದ್ದಳಲ್ಲ ತಾನು!

ಡಾಕ್ಟರು ಮೆತ್ತಗೆ ವಿವರಿಸಿದರು. ಬೆಳಕೂ ಬೀಳುವುದೂ ಒಂದೇ ರೋಗದ ಎರಡು ಮುಖ. ಮೊದಲು ಸಣ್ಣ ಫಿಟ್ಸ್, ಅದು ಹರಡಿದರೆ ದೊಡ್ಡದು. ದಿನಾ ಗುಳಿಗೆ ತೆಗೆದುಕೊಂಡರೆ ಹತೋಟಿಗೆ ಬರುತ್ತದೆ.

"ಗುಳಿಗಿ ತಗೊಂಡ್ರ ಬೆಳಕು?"

"ಅದೂ ಬಂದ್ ಆಗುತ್ತೆ ಅಮ್ಮಾ."

"ಹಂಗಾದ್ರ ನಾ ಒಲ್ಲೆ" ಎಂದು ಸುಂದ್ರವ್ವ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು.

ಆ ಸಂಜೆ ಆಂಟಾಪ್ ಹಿಲ್‌ನ ಮನೆಯಲ್ಲಿ ದೊಡ್ಡ ಗದ್ದಲವೇ ಆಯಿತು. ಕಾಶಿನಾಥ ಬೇಡಿಕೊಂಡ, ಬೈದ, ಕಡೆಗೆ ಗುಳಿಗೆಯ ಪಟ್ಟಿಯನ್ನು ಅವ್ವನ ಮುಂದೆ ಎಸೆದ. ಅವನ ಹೆಂಡತಿ ಶೀತಲ ಅಳುತ್ತ ನಿಂತಿದ್ದಳು.

"ಅದು ರೋಗ ಅಂತ ಡಾಕ್ಟರ್ ಹೇಳ್ಯಾರವ್ವಾ!"

"ಮಿದುಳಿನಾಗ ಕಾರಣ ಸಿಕ್ತು ಅಂದಕೂಡಲೇ ಕಂಡದ್ದು ಸುಳ್ಳು ಆಗೂದಿಲ್ಲ. ನನ್ನ ಮಗಳು ಸಾವಿರ ಮಂದಿ ಮುಂದ ಹೇಳ್ಯಾಳ. ಆ ಡಾಕ್ಟರೂ ಚಪ್ಪಾಳಿ ಬಡದಾನ."

"ಸಭಾಂಗಣ ಅರ್ಧಾನೂ ತುಂಬಿರಲಿಲ್ಲ ಅವ್ವಾ" ಎಂದಳು ಶೈಲಾ.

ಕಾಶಿನಾಥ ತಂಗಿಯ ಕಡೆ ತಿರುಗಿದ. "ಭಾಷಣ ಮಾಡಾಕ ನಿನಗ ಬ್ಯಾರೆ ಏನೂ ಸಿಗಲಿಲ್ಲೇನು? ಈಗ ನೀನ ಬಿಡಸು ಇದನ್ನ."

ಬಿಡಿಸುವುದೆಂದರೆ ಹೇಗೆ? ಮುಂದಿನ ದಿನಗಳಲ್ಲಿ ಶೈಲಾ ಕೂತಲ್ಲಿ ಕೂರಲಿಲ್ಲ. ಲೋಕಲ್‌ನ ಬಾಗಿಲ ಬಳಿ ನಿಂತು ತನ್ನದೇ ವಾದಕ್ಕೆ ಪ್ರತಿವಾದ ಹೂಡುತ್ತಿದ್ದಳು. ಕಪ್ಪನ್ನು ಮುಟ್ಟಿ ನೋಡಬಹುದು, ಪಕ್ಕದವರನ್ನು ಕೇಳಿ ಖಾತ್ರಿ ಮಾಡಿಕೊಳ್ಳಬಹುದು. ಅವ್ವನ ಬೆಳಕನ್ನು ಹಾಗೆ ಪರೀಕ್ಷಿಸಲು ಬರುವುದಿಲ್ಲ ಅನ್ನಲೇ? ಆದರೆ ಹೊಟ್ಟೆನೋವನ್ನೂ ಪಕ್ಕದವರು ಕಾಣಲಾರರಲ್ಲ. ರೋಗದಿಂದ ಬಂದ ಅನುಭವವನ್ನು ನಂಬಬಾರದು ಅನ್ನಲೇ? ಅದು ದಾರಿ ತಪ್ಪಿಸುವ ರೋಗವೆಂದು ಮೊದಲೇ ಗೊತ್ತಿದ್ದರೆ ತಾನೇ ಹಾಗೆನ್ನಲು ಬರುವುದು? ಯಾವ ಮಾತು ಎತ್ತಿಕೊಂಡರೂ ಅದರ ಉತ್ತರ ಅವಳಿಗೆ ಮೊದಲೇ ಗೊತ್ತಿತ್ತು. ಎಷ್ಟೋ ಉತ್ತರಗಳನ್ನು ಅವಳೇ ಬರೆದಿದ್ದಳು. ಒಮ್ಮೆ ಇಳಿಯಬೇಕಾದ ಸ್ಟೇಷನ್ ದಾಟಿಹೋಗಿ ಅಂಧೇರಿಯಿಂದ ವಾಪಸು ಬಂದಳು. ತರಗತಿಯಲ್ಲಿ ವಾಕ್ಯ ಅರ್ಧಕ್ಕೆ ಬಿಟ್ಟು ಕಿಟಕಿ ನೋಡುತ್ತ ನಿಂತಳು. ಫೋನ್ ರಿಂಗಾದಾಗೆಲ್ಲ ಅವ್ವ ಎಲ್ಲೋ ಬಿದ್ದಳೆಂದೇ ತಿಳಿದು ಓಡಿಹೋಗಿ ಎತ್ತುತ್ತಿದ್ದಳು.

ಕಡೆಗೆ ಅವಳು ಸುಳ್ಳು ಹೇಳಲು ನಿಶ್ಚಯಿಸಿದಳು.

"ಅವ್ವಾ, ಆ ದಿನ ನಾ ಹೇಳಿದ್ದು ತಪ್ಪು ಅದ. ದೊಡ್ಡ ದೊಡ್ಡವರೆಲ್ಲಾ ಅದನ್ನ ಖಂಡಿಸ್ಯಾರ. ಡಾಕ್ಟರದ್ದ ಖರೆ."

ಸುಂದ್ರವ್ವ ಮೆಂತ್ಯಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ಆ ದಿನ ಹೇಳೂಮುಂದ ನಿನ್ನ ಮಾರಿ ಮ್ಯಾಲ ಕಳಾ ಇತ್ತು. ಈಗ ನೋಡಿದ್ರ ನೆಲ ನೋಡ್ಕೋತ ಹೇಳಾಕತ್ತಿ. ನನಗ ಓದಾಕ ಬರೂದಿಲ್ಲ ಖರೆ, ನಿನ್ನ ಹಡದೀನಿ."

ಶೈಲಾಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟಳು.

ಆಮೇಲೆ ಕೆಲವೇ ದಿನಗಳಲ್ಲಿ, ಒಂದು ಮುಂಜಾನೆ ಚಹಾ ಇಳಿಸುವಾಗ ಸುಂದ್ರವ್ವನಿಗೆ ಮತ್ತೆ ಫಿಟ್ಸ್ ಬಂತು. ಕುದಿಯುವ ಚಹಾ ಎರಡೂ ಕಾಲಿನ ಮೇಲೆ ಬಿತ್ತು. ಗ್ಯಾಸ್ ಉರಿಯುತ್ತಲೇ ಇತ್ತು. ಸೆರಗು ಒಲೆಯಿಂದ ಗೇಣಿನ ದೂರದಲ್ಲಿತ್ತು. ಶೀತಲ ಸದ್ದು ಕೇಳಿ ಓಡಿಬರದಿದ್ದರೆ ಏನಾಗುತ್ತಿತ್ತೋ.

ಶೈಲಾ ಬಂದಾಗ ತಾಯಿ ಕಾಲಿಗೆ ಮುಲಾಮು ಹಚ್ಚಿಸಿಕೊಂಡು ಮಂಚದ ಮೇಲೆ ಒರಗಿದ್ದಳು. ಕೆಂಪಾಗಿ ಬೊಬ್ಬೆಯೆದ್ದ ಆ ಪಾದಗಳನ್ನು ನೋಡಿ ಅವಳು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದ ಮಾತೆಲ್ಲ ಉದುರಿಹೋಯಿತು. ಮಂಚದ ಕೆಳಗೆ ನೆಲದ ಮೇಲೆ ಕೂತಳು.

"ಅವ್ವಾ, ಆ ದಿನ ನಾ ಹೇಳಿದ್ದು ತಪ್ಪಲ್ಲ. ನಿನಗ ಸುಳ್ಳು ಹೇಳಿದ್ದೆ. ಆದ್ರ ನಾ ಹೇಳಿದ್ದು ಅರ್ಧಾ ಅಷ್ಟ."

"ಉಳದರ್ಧ?"

"ಮಿದುಳಿನಾಗ ಕಾರಣ ಸಿಕ್ತು ಅಂತ ನಿನ್ನ ಬೆಳಕು ಸುಳ್ಳು ಅನ್ನಾಕ ಬರೂದಿಲ್ಲ ಅಂದೆ. ಅದು ಖರೆ ಅಂತ ನಾ ಎಲ್ಲಿ ಅಂದೆ? ಡಾಕ್ಟರ್ ಹಾಕಿದ ಕೀಲಿ ಸರಿಯಿಲ್ಲ ಅಂತ ತೆಗದೆ. ಬಾಗಲದ ಹಿಂದ ಏನದ ಅಂತ ನಾನೂ ನೋಡಿಲ್ಲ."

ಸುಂದ್ರವ್ವ ದಿಂಬಿನ ಪಕ್ಕದಲ್ಲಿದ್ದ ಗುಳಿಗೆಯ ಪಟ್ಟಿ ಎತ್ತಿಕೊಂಡಳು. ಹೊರಗೆ ಯಾರೋ ಕುಕ್ಕರ್ ಇಳಿಸಿದರು, ಮೇಲಿನ ಮನೆಯಲ್ಲಿ ಟಿವಿ ಹತ್ತಿತು.

"ಗುಳಿಗಿ ತಗೊಂಡ್ರ ಅದು ಸಾಯತದೇನು?"

"ನಿನಗ ಕಾಣೂದಿಲ್ಲ. ಅಷ್ಟ ನಾ ಹೇಳಬಲ್ಲೆ. ಕಣ್ಣು ಮುಚ್ಚಿದ್ರ ಈ ಗ್ವಾಡಿ ಕಾಣೂದಿಲ್ಲ, ಆದ್ರ ಗ್ವಾಡಿ ಎಲ್ಲಿ ಹೋಗತದ? ಬೆಳಕು ನಿನ್ನ ರೋಗದ್ದ ಇದ್ರ ಹೋಗತದ, ಹೋಗಲಿ. ದೇವರದಿದ್ರ ಒಂದು ಗುಳಿಗಿಗೆ ಅಂಜತದೇನವ್ವಾ?"

ಅದನ್ನು ಹೇಳುವಾಗಲೇ ಶೈಲಾಗೆ ಒಳಗೆಲ್ಲೋ ಚುಚ್ಚಿತು. ತಾನು ನಂಬದ ದೇವರನ್ನು ಸಾಕ್ಷಿಗೆ ಕರೆದಿದ್ದಳು. ಸುಂದ್ರವ್ವ ತನ್ನ ಪಾದ ನೋಡಿಕೊಂಡಳು, ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ನೋಡಿದಳು. "ನೀರು ತಾ ಶೀತಲಾ" ಎಂದು ಗುಳಿಗೆ ನುಂಗಿದಳು.

ಬೆಳಕು ನಿಂತಿತು. ಬೀಳುವುದೂ ನಿಂತಿತು. ಕಾಶಿನಾಥ ನಿರಾಳವಾಗಿ ಆಫೀಸಿಗೆ ಹೋಗತೊಡಗಿದ. ಆದರೆ ಸುಂದ್ರವ್ವನ ಮಾತು ಕಡಿಮೆಯಾಯಿತು. ಬೆಳಿಗ್ಗೆ ಮಿಂದು, ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು ಕೂರುತ್ತಿದ್ದಳು. ಬಸ್‌ಸ್ಟಾಪಿನಲ್ಲಿ ಕಾಯುವವರ ಹಾಗೆ ಆಗಾಗ ಕತ್ತೆತ್ತಿ ಅತ್ತಿತ್ತ ನೋಡಿ, ಬೇಗನೆ ಎದ್ದುಬಿಡುತ್ತಿದ್ದಳು. ಸಣ್ಣದಕ್ಕೆಲ್ಲ ರೇಗುತ್ತಿದ್ದಳು. ಕಸಿದುಕೊಂಡವಳು ತಾನೇ ಎಂಬ ಭಾವ ಶೈಲಾಳನ್ನು ಬಿಡಲಿಲ್ಲ. ಆಂಟಾಪ್ ಹಿಲ್‌ಗೆ ಹೋಗದಿದ್ದರೆ ಚಡಪಡಿಕೆ, ಹೋದರೆ ಇನ್ನೂ ಹೆಚ್ಚು.

ಮರುಪರೀಕ್ಷೆಯ ದಿನ ಡಾಕ್ಟರು ಖುಷಿಯಾಗಿದ್ದರು. "ಏಕದಂ ಬಢಿಯಾ ಅಮ್ಮಾ!"

"ನಿಲ್ಲಿಸಿದ್ರಿ, ಛಲೋ ಆತು" ಎಂದಳು ಸುಂದ್ರವ್ವ. "ಈಗ ಒಂದು ಹೇಳ್ರಿ. ಆ ಬೆಳಕಿನಾಗ ಏನರ ಇತ್ತೋ, ಇಲ್ಲೋ?"

ಅನಿಕೇತ್ ಶೈಲಾಳ ಕಡೆ ಒಮ್ಮೆ ನೋಡಿ, ಪೆನ್ನು ಕೆಳಗಿಟ್ಟರು. "ನೀವು ಕೇಳಿದ್ದಕ್ಕೆ ಹೇಳ್ತೀನಿ. ನನ್ನ ಪ್ರಕಾರ ಏನೂ ಇರಲಿಲ್ಲ ಅಮ್ಮಾ. ಸಾರಿ."

ಸುಂದ್ರವ್ವ ಮಗಳತ್ತ ತಿರುಗಿದಳು. "ನೀ?"

"ನನಗ ಗೊತ್ತಿಲ್ಲ ಅವ್ವಾ. ಅದನ್ನ ತೀರ್ಮಾನ ಮಾಡಾಕ…"

"ಸಾಕು ಬಿಡು" ಎಂದು ತಾಯಿ ಎದ್ದಳು.

ಟ್ಯಾಕ್ಸಿ ಸಾಯನ್ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಸುಂದ್ರವ್ವ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು, "ಆ ಡಾಕ್ಟರ್ ಮಾತು ನನಗ ಸೇರಲಿಲ್ಲ. ಆದ್ರ ಅಂವಾ ಒಂದು ಕಡೆ ನಿಂತಾನ. ನೀ ಹೊಸ್ತಿಲದ ಮ್ಯಾಲ ಕುಂತೀದಿ. ನನ್ನ ಮುಂದನೂ ಭಾಷಣಾನ ಮಾಡತೀ. ನಿನ್ನ ಕಾಲೇಜು ಏನಂತದ ಅಂತ ನಾ ಕೇಳಿಲ್ಲ. ನಿನಗ ಏನನಸ್ತದ ಅಂತ ಕೇಳೀನಿ."

ಹಿಂದೆ ಒಂದು ಬಸ್ಸು ಬಿಡದೆ ಹಾರ್ನ್ ಬಾರಿಸುತ್ತಿತ್ತು. ಈ ಪ್ರಶ್ನೆಯ ಸುತ್ತ ಶೈಲಾ ವರ್ಷಗಟ್ಟಲೆ ತಿರುಗಿದ್ದಳು. ಅದರ ಎದುರಿಗೆ ಹೀಗೆ ಯಾರೂ ಅವಳನ್ನು ನಿಲ್ಲಿಸಿರಲಿಲ್ಲ.

"ಇರಲಿಲ್ಲ ಅನಸ್ತದ ಅವ್ವಾ. ಬರೇ ಮಿದುಳಿಂದು ಅನಸ್ತದ."

ಹೇಳಿದ ಕೂಡಲೇ ಅವಳ ಕಣ್ಣು ತುಂಬಿದವು. ತಾಯಿ ಅಳುತ್ತಾಳೆ, ಇಲ್ಲವೇ ಇಳಿದು ಹೋಗುತ್ತಾಳೆ ಎಂದುಕೊಂಡಳು. ಸುಂದ್ರವ್ವ ಸೆರಗಿನಿಂದ ಮಗಳ ಮುಖ ಒರೆಸಿದಳು, ಸ್ವಲ್ಪ ಒರಟಾಗಿಯೇ.

"ಇಷ್ಟು ಹೇಳಾಕ ಇಷ್ಟು ದಿನ ಬೇಕಾತೇನು? ನನಗ ಇತ್ತು ಅನಸ್ತದ. ಕಾಣದಿದ್ರೂ ಇತ್ತು."

"ಹ್ಯಾಂಗ ಹೇಳತಿ?"

"ಈಗ ಕೇಳಿದಿ ನೋಡು! ಅದು ಬಂದು ಹೋದಮ್ಯಾಲ ನಿಮ್ಮ ಅಪ್ಪ ಸತ್ತಮ್ಯಾಲೂ ಅಂವನ ಮ್ಯಾಲ ಇದ್ದ ಸಿಟ್ಟು ನನಗ ಉಳೀಲಿಲ್ಲ. ಬರೇ ಕರೆಂಟ್ ಗಡಬಡ ಆದ್ರ ಸಿಟ್ಟು ಹ್ಯಾಂಗ ಹೋತು?"

"ಗುಳಿಗಿಯಿಂದಾನೂ ಸಿಟ್ಟು ಹೋಗತದ ಅವ್ವಾ."

"ಹೋದ್ರ ತೋರಸು! ಗುಳಿಗಿ ತಗೊಳಾಕ ಹತ್ತಿದಮ್ಯಾಲ ನನ್ನ ಸಿಟ್ಟು ಹೆಚ್ಚಾಗೇದ."

ಇಬ್ಬರ ದನಿಯೂ ಏರಿತು. ಕನ್ನಡ ತಿಳಿಯದ ಡ್ರೈವರ್ ಕನ್ನಡಿಯಲ್ಲಿ ನೋಡಿ, "ಸಬ್ ಠೀಕ್ ಹೈ ನಾ, ಮಾಜಿ?" ಎಂದ. "ಠೀಕ್ ಹೈ, ತೂ ಚಲಾ" ಎಂದಳು ಸುಂದ್ರವ್ವ. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ಹುರುಪು ಕಂಡಿತು.

ಸಾಂತಾಕ್ರೂಜಿನ ತನ್ನ ಮನೆಗೆ ಮರಳಿದ ಮೇಲೆ ಶೈಲಾಗೆ ಹಗುರಾಗಬೇಕಿತ್ತು; ಆಗಲಿಲ್ಲ. 'ಇರಲಿಲ್ಲ' ಎಂದದ್ದಕ್ಕೆ ತನ್ನ ಬಳಿ ಯಾವ ಆಧಾರವಿದೆ ಎಂದು ಹುಡುಕಿದಳು. ಡಾಕ್ಟರ ಕಾರಣ ಸಾಲದೆಂದು ತಾನೇ ತೋರಿಸಿದ್ದಳು. ಬೇರೆ ಕಾರಣವನ್ನು ಅವಳು ಎಂದೂ ಕೊಟ್ಟಿರಲಿಲ್ಲ. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಓಡಾಡುತ್ತಿದ್ದಾಗ ಫೋನ್ ರಿಂಗಾಯಿತು.

"ನಾಳಿ ಮುಂಜಾನೆ ಬಾ" ಎಂದಳು ಸುಂದ್ರವ್ವ. "ನಿನ್ನ ಮಾತಿಗೆ ಒಂದು ಉತ್ತರ ಹೊಳದದ. ಫೋನಿನಾಗ ಹೇಳೂದಿಲ್ಲ. ಮಾರಿ ನೋಡಿ ಹೇಳಬೇಕು."

"ಗುಳಿಗಿ ತಗೊಂಡೀಯೇನು?"

"ತಗೊಂಡೀನಿ. ಬರತೀಯೋ ಇಲ್ಲೋ?"

ಶೈಲಾ ಕಾಲೇಜಿಗೆ ಫೋನ್ ಮಾಡಿ ಮರುದಿನದ ಮೊದಲ ಕ್ಲಾಸು ಬೇರೆಯವರಿಗೆ ಒಪ್ಪಿಸಿದಳು.